ಹರ್ಲಿಂಗ್ ಕೋಲು ನಮ್ಮ ಬಡಗಿ ಹತ್ರ ಮಾಡಿಸಬಹುದಾ?

ಮಂಡ್ಯಹೈದ:
ಐರ್ಲೆಂಡಿನ ಹರ್ಲಿಂಗ್ ಆಟದ ವಿಡಿಯೊ ನೋಡಿ ಹುಚ್ಚು ಹಿಡಿದಿದೆ. ತಂಡಕ್ಕೆ 15 ಜನ. ಚೆಂಡನ್ನು ಕೋಲಿನ ಅಗಲ ತುದಿ ಮೇಲೆ ಕೂರಿಸಿಕೊಂಡೇ ಓಡುತ್ತಾರೆ, ಆಮೇಲೆ ಗಾಳಿಯಲ್ಲೇ ಬೀಸಿ ಹೊಡೆಯುತ್ತಾರೆ! ಕೋಲಿಗೆ ಹರ್ಲಿ, ಚೆಂಡಿಗೆ ಸ್ಲಿಟರ್ ಅಂತಾರೆ. ಅಲ್ಲಿಂದ ತರಿಸೋದು ದುಬಾರಿ. ಗುತ್ತಲು ರಸ್ತೆಯಲ್ಲಿ ಗೊತ್ತಿರೋ ಬಡಗಿ ಇದ್ದಾರೆ, ಆಕಾರ ಬರೆದುಕೊಟ್ಟರೆ ತೇಗದ ಹಲಗೆಯಲ್ಲಿ ಕೊಯ್ದು ಕೊಡ್ತೀನಿ ಅಂದರು. ಮಾಡಿಸಲಾ? ಚೆಂಡಿಗೆ ಕ್ರಿಕೆಟ್ ಬಾಲ್ ನಡೆಯುತ್ತಾ?

ಮರಗೆಲಸ_ಮೈಸೂರು:
ದಯವಿಟ್ಟು ಹಲಗೆಯಲ್ಲಿ ಕೊಯ್ಯಿಸಬೇಡಿ. ಅಲ್ಲಿ ಆ್ಯಶ್ ಮರದ ಬುಡವನ್ನೇ ಬಳಸುತ್ತಾರೆ, ಕಾಂಡ ಬೇರಿನ ಕಡೆಗೆ ಬಾಗುತ್ತಲ್ಲ, ಆ ಜಾಗ. ಅಲ್ಲಿ ಮರದ ಎಳೆಯೂ ಬಾಗಿರುತ್ತೆ, ಹಾಗಾಗಿ ಹಿಡಿಯಿಂದ ತುದಿವರೆಗೆ ತುಂಡಾಗದೆ ಹರಿಯುತ್ತೆ. ನೇರ ಹಲಗೆಯಲ್ಲಿ ಕೊಯ್ದರೆ ಬಾಗಿನ ಹತ್ತಿರ ಎಳೆ ಅಡ್ಡಕ್ಕೆ ಕಡಿದುಹೋಗುತ್ತೆ, ಎರಡು ಕೋಲು ಜೋರಾಗಿ ತಾಗಿದರೆ ಅಲ್ಲೇ ಸೀಳುತ್ತೆ. ಒಳ್ಳೆ ಹರ್ಲಿಯೂ ಸೀಳೋದುಂಟು, ಅದಕ್ಕೇ ತುದಿಗೆ ತಗಡಿನ ಪಟ್ಟಿ ಹೊಡೆದಿರುತ್ತಾರೆ.
ನಮ್ಮ ಕಡೆ ಹಿಪ್ಪುನೇರಳೆ ನೋಡಿ. ಹಾಕಿ ಸ್ಟಿಕ್ಕಿಗೆ ಬಳಸಿದ ಮರ ಅದು, ಪೆಟ್ಟು ತಡೆಯುತ್ತೆ. ರೇಷ್ಮೆಗೆ ಬೆಳೆಸೋ ಗಿಡ ಅಲ್ಲ, ದೊಡ್ಡ ಮರ ಬೇಕು. ಕೊಯ್ಸಿದ ಮೇಲೆ ನೆರಳಲ್ಲೇ ಒಣಗಲಿ, ಅವಸರ ಬೇಡ.

ಬ್ಯಾಟುಬಾಲು:
ಕ್ರಿಕೆಟ್ ಬಾಲ್ ಬೇಡವೇ ಬೇಡ. ಅದು ಹತ್ತಿರ ಹತ್ತಿರ 160 ಗ್ರಾಂ, ಸ್ಲಿಟರ್ 110ರಿಂದ 116 ಗ್ರಾಂ ಅಷ್ಟೇ. ಒಳಗೆ ಕಾರ್ಕ್, ಮೇಲೆ ಎರಡು ತುಂಡು ಚರ್ಮ. ಹೊಲಿಗೆ ಜಾಗದಲ್ಲಿ ಅಂಚು ದಪ್ಪಗೆ ಎದ್ದಿರುತ್ತೆ, ಮುಟ್ಟಿದರೆ ಬೆರಳಿಗೆ ಸಿಗುತ್ತೆ. ಕೈಯಲ್ಲಿ ಹಿಡಿಯೋಕೆ ಅದೇ ಆಸರೆ. ನೆಲದ ಮೇಲಿನ ಚೆಂಡನ್ನು ನೇರವಾಗಿ ಕೈಯಲ್ಲಿ ಎತ್ತುವಂತಿಲ್ಲ, ಕೋಲಿನಿಂದಲೇ ಎಬ್ಬಿಸಬೇಕು. ಮೊದಲು ಟೆನಿಸ್ ಬಾಲಿನಲ್ಲಿ ಇದನ್ನೇ ಕಲಿಯಿರಿ. ಹೆಲ್ಮೆಟ್ ಮರೆಯಬೇಡಿ! ಅಲ್ಲಿ 2010ರಿಂದ ಎಲ್ಲರಿಗೂ ಕಡ್ಡಾಯ. ಮುಖಕ್ಕೆ ಜಾಲರಿ ಇರೋ ಕ್ರಿಕೆಟ್ ಹೆಲ್ಮೆಟ್ ಇದ್ದರೆ ಅದನ್ನೇ ಹಾಕ್ಕೊಳ್ಳಿ.

ಕಾವೇರಿದಂಡೆ:
ಬಿದಿರೂ ಯೋಚನೆ ಮಾಡಿ. 2012ರಲ್ಲಿ ಐರ್ಲೆಂಡಿನ ಆ್ಯಶ್ ಮರಗಳಿಗೆ ಶಿಲೀಂಧ್ರದ ರೋಗ ಕಾಣಿಸಿಕೊಂಡಿತು. ಪಾಪ, ಮರಗಳು ಸಾಲುಸಾಲಾಗಿ ಒಣಗಿದವು. ಈಗ ಅಲ್ಲೇ ಬಿದಿರಿನ ಹರ್ಲಿಗಳು ಬಂದಿವೆ. ಆದರೆ ಬಿದಿರನ್ನು ಪಟ್ಟಿ ಮಾಡಿ ಒತ್ತಿ ಅಂಟಿಸಬೇಕು, ಮನೆ ಮಟ್ಟಕ್ಕೆ ಕಷ್ಟವೇ. ತುದಿಯ ಅಗಲ 13 ಸೆಂಟಿಮೀಟರ್ ದಾಟಬಾರದು ಅಂತ ನಿಯಮ ಇದೆ.

ಮಂಡ್ಯಹೈದ:
ತೇಗ ಬೇಡ ಅಂತ ಹೇಳಿಬಿಟ್ಟೆ. ದೊಡ್ಡಪ್ಪನ ತೋಟದ ಬದುವಿನಲ್ಲಿ ಹಳೇ ಹಿಪ್ಪುನೇರಳೆ ಮರ ಗಾಳಿಗೆ ಬಿದ್ದಿದೆ. ಬುಡ ಎಷ್ಟು ದಪ್ಪ ಇರಬೇಕಣ್ಣ?

ಮರಗೆಲಸ_ಮೈಸೂರು:
ದಪ್ಪಕ್ಕಿಂತ ಬೇರು ಹೇಗೆ ಹೊರಟಿದೆ ನೋಡಿ. ಒಂದು ಕಡೆಗಾದರೂ ಅಗಲವಾಗಿ ಬಾಗಿ ಹೋಗಿದ್ದರೆ ಕೋಲು ಸಿಗುತ್ತೆ. ಸೌದೆಗೆ ಕಡಿಯೋಕೆ ಮುಂಚೆ ಹೋಗಿ, ನೆಲದ ಮಟ್ಟಕ್ಕೆ ಕೊಯ್ದುಬಿಟ್ಟರೆ ಬೇಕಾದ ಭಾಗವೇ ಮಣ್ಣಲ್ಲಿ ಉಳಿಯುತ್ತೆ. ಮೊದಲು ಬೇರಿನ ಸುತ್ತ ಮಣ್ಣು ಬಿಡಿಸಿ ಒಂದು ಫೋಟೊ ಹಾಕಿ.