ಸಹಾಯ ಬೇಕು: ಬಕೆಟ್ ಲಿಫ್ಟ್‌ನಲ್ಲಿ ಬಳಸಲು ಹಾರ್ನೆಸ್ ಮತ್ತು ಕನ್ನಡದಲ್ಲಿ ತರಬೇತಿ

ಗುಂಪಿನ ಹಿರಿಯರಿಗೆ ನಮಸ್ಕಾರ. ನಾನು ಚಿತ್ರದುರ್ಗದಲ್ಲಿ 11 ಕೆವಿ ವಿದ್ಯುತ್ ಮಾರ್ಗಗಳ ಕೆಲಸ ಮಾಡಿಸುವ ಗುತ್ತಿಗೆದಾರರೊಬ್ಬರ ಬಳಿ ಮೇಲ್ವಿಚಾರಕನಾಗಿದ್ದೇನೆ. ಏಣಿ ಬಿಟ್ಟು ಬಕೆಟ್ ಲಿಫ್ಟ್ (ಬೂಮ್ ಎಂಬ ಉದ್ದ ತೋಳಿನ ತುದಿಯ ತೊಟ್ಟಿಯಲ್ಲಿ ಕೆಲಸಗಾರನನ್ನು ಮೇಲೆತ್ತುವ ಯಂತ್ರ) ಬಳಸತೊಡಗಿ ಎರಡು ತಿಂಗಳಾಯಿತು. ಆದರೆ ನಮ್ಮ ಹುಡುಗರು, ಸುತ್ತ ತಡೆ ಇದೆಯಲ್ಲ ಎಂಬ ಧೈರ್ಯದಲ್ಲಿ, ಹಳೆಯ ಸೊಂಟದ ಬೆಲ್ಟನ್ನೇ ಕಟ್ಟಿಕೊಂಡು ಅದರ ಹಗ್ಗವನ್ನು ಎದುರಿನ ಕಂಬಕ್ಕೆ ಬಿಗಿಯುತ್ತಾರೆ. ಬೂಮ್ ಸರಿದರೆ ಆ ಹಗ್ಗವೇ ಮನುಷ್ಯನನ್ನು ಬಕೆಟ್ಟಿನಿಂದ ಹೊರಗೆಳೆಯಬಹುದು, ಬಿದ್ದರೆ ಹೊಡೆತವೆಲ್ಲ ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆಯೇ ಬೀಳುತ್ತದೆ ಎಂದು ಹೇಳಿ ಹೇಳಿ ಸಾಕಾಗಿದೆ. (ಇಲ್ಲಿನ ಜೋಗಿಮಟ್ಟಿ ಬೆಟ್ಟದ ಆಷಾಢದ ಗಾಳಿ ಕಂಡವರಿಗೆ ಬಕೆಟ್ ಹೇಗೆ ತೂಗಾಡುತ್ತದೆಂದು ವಿವರಿಸಬೇಕಿಲ್ಲ.)

ಐಎಸ್ 3521 (ಇಂಥ ಸಾಧನಗಳ ಭಾರತೀಯ ಮಾನದಂಡ) ಗುರುತಿನ, ಭುಜ ಮತ್ತು ತೊಡೆಗಳನ್ನು ಸುತ್ತುವ ಪೂರ್ಣ ಹಾರ್ನೆಸ್ ಕೊಡಿಸಲು ಮಾಲೀಕರು ಒಪ್ಪಿದ್ದಾರೆ. ಲ್ಯಾನ್ಯಾರ್ಡನ್ನು (ಹಾರ್ನೆಸ್‌ಗೆ ಜೋಡಿಸುವ ಹಗ್ಗವನ್ನು) ಲಿಫ್ಟ್‌ನಲ್ಲೇ ಇರುವ ಕೊಂಡಿಗೆ ಸಿಕ್ಕಿಸುತ್ತೇವೆ. ಆದರೆ ಆಘಾತ ತಗ್ಗಿಸುವ 1.8 ಮೀಟರಿನದು ಬಿದ್ದಾಗ ಮತ್ತಷ್ಟು ಬಿಚ್ಚಿಕೊಂಡು ಉದ್ದವಾಗುವುದರಿಂದ, ಕಡಿಮೆ ಎತ್ತರದ ಕೆಲಸಕ್ಕೆ ಬಕೆಟ್ ದಾಟಲು ಬಿಡದಷ್ಟು ಗಿಡ್ಡನೆಯದೇ ಮೇಲಲ್ಲವೇ? ಬಳಸಿದವರು ದಯವಿಟ್ಟು ತಿಳಿಸಿ.

ಇನ್ನೊಂದು ವಿನಂತಿ. ಹಾರ್ನೆಸ್‌ನಲ್ಲಿ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದಾದ್ದರಿಂದ, ಕೆಳಗಿನ ನಿಯಂತ್ರಣದಿಂದ ಬಕೆಟ್ ಇಳಿಸುವುದನ್ನು ನೆಲದಲ್ಲಿರುವವರಿಗೂ ಕನ್ನಡದಲ್ಲೇ ಕಲಿಸಬಲ್ಲವರು ದಾವಣಗೆರೆ, ಚಿತ್ರದುರ್ಗದ ಆಸುಪಾಸಿನಲ್ಲಿದ್ದರೆ ಇಲ್ಲಿಯೇ ಬರೆಯಿರಿ.