ಮಗುವಿಗೆ ಭೇದಿಯಾದಾಗ ನೀರು ನಿಲ್ಲಿಸಬೇಕೇ?

ಕೇಳಿದವರು, ಜಗಳೂರು ತಾಲ್ಲೂಕಿನ ತಾಯಿ:
ಹತ್ತು ತಿಂಗಳ ಮಗನಿಗೆ ನಿನ್ನೆಯಿಂದ ನೀರುಭೇದಿ ಆಗುತ್ತಿದೆ. ಇದು ಹಲ್ಲು ಬರುವ ಭೇದಿ, ಹಾಲು ನೀರು ಕೊಟ್ಟಷ್ಟೂ ಹೆಚ್ಚುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಅನುಭವವಿದ್ದವರು ತಿಳಿಸಿ.

ಚಳ್ಳಕೆರೆ ಕಡೆಯ ತಾಯಿ:
ಇದೇ ಮಾತು ನಂಬಿ ನಾನು ಹಿರಿಮಗಳಿಗೆ ಒಂದು ಹಗಲು ಪೂರ್ತಿ ನೀರು ತಡೆದಿದ್ದೆ. ಸಂಜೆಯ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಮಗುವನ್ನು ಸೊರಗಿಸುವುದು ಭೇದಿಯಲ್ಲಿ ಹೋಗುವ ನೀರು ಮತ್ತು ಉಪ್ಪಿನಂಶ, ಆದ್ದರಿಂದ ಎದೆಹಾಲನ್ನು ಎಂದಿಗಿಂತ ಹೆಚ್ಚು ಸಲ ಕೊಟ್ಟು, ಜೊತೆಗೆ ಓಆರ್‌ಎಸ್ (ಪೊಟ್ಟಣದಲ್ಲಿ ಸಿಗುವ ಉಪ್ಪು-ಸಕ್ಕರೆಯಂಶದ ಪುಡಿ ಕಲಸಿದ ನೀರು) ಕುಡಿಸಬೇಕು. ಅದರಲ್ಲೂ ನಾನು ತಪ್ಪಿದ್ದೆ: ಪುಡಿ ಉಳಿಯಲೆಂದು ಚಿಟಿಕೆ ಚಿಟಿಕೆಯಾಗಿ ಲೋಟದ ನೀರಿಗೆ ಉದುರಿಸುತ್ತಿದ್ದೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು. ಅಳತೆಗೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ಸಣ್ಣ ಪೊಟ್ಟಣವಾದರೆ ಎಷ್ಟು ನೀರಿಗೆಂದು ಅದರ ಮೇಲೇ ಬರೆದಿರುತ್ತದೆ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿಬಿಡಿ. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಚಮಚದಲ್ಲಿ ಕೊಡಿ. ವಾಂತಿಯಾದರೆ 10 ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸಿ. ಅತ್ತೆಯವರೊಂದಿಗೆ ವಾದಕ್ಕಿಳಿಯಬೇಡಿ, ಅಕ್ಕಿ ಗಂಜಿ ಕಾಯಿಸುವ ಕೆಲಸವನ್ನು ಅವರಿಗೇ ವಹಿಸಿ. ನಮ್ಮ ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಹಾಗೆಯೇ.

ಹಿರಿಯೂರು ತಾಲ್ಲೂಕಿನ ಆಶಾ ಕಾರ್ಯಕರ್ತೆ:
ಮೇಲಿನವರು ಜಿಂಕ್ ಮಾತ್ರೆಯನ್ನು ಬಿಟ್ಟಿದ್ದಾರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡಬೇಕು. ಮೂರನೆಯ ದಿನ ಭೇದಿ ನಿಂತೊಡನೆ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯುವ ಮನೆಗಳೇ ನನ್ನ ಭೇಟಿಯಲ್ಲಿ ಹೆಚ್ಚು. ಚಮಚದಲ್ಲಿ ಎದೆಹಾಲು ಹಿಂಡಿ ಅದರಲ್ಲಿ ಮಾತ್ರೆ ಕರಗಿಸಿದರೆ ಮಗು ಉಗುಳುವುದಿಲ್ಲ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಅಭ್ಯಾಸ ಮಾತ್ರ ಅಪಾಯಕಾರಿ.

ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರನ್ನೂ ಬಿಂದಿಗೆಗೆ ಸುರಿದು ಕೈಯದ್ದಿ ಲೋಟ ತುಂಬಿಕೊಂಡರೆ ತಂದ ಶ್ರಮ ವ್ಯರ್ಥ. ಹಿಡಿಯಿರುವ ಸೌಟು ಬಳಸಿ, ಮಗುವಿನ ಮಲ ತೊಳೆದ ಕೈಗೆ ಸೋಪು ಹಚ್ಚಿ. 6, 10 ಮತ್ತು 14ನೆಯ ವಾರದ ರೋಟಾ ಹನಿ (ರೋಟಾ ವೈರಸ್ ಭೇದಿ ತಡೆಯುವ ಲಸಿಕೆ) ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ.

ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯದೇ ಹೋದರೆ, ಮೂತ್ರ ನಿಂತರೆ, ಅಥವಾ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಮಗು ಕುಡಿಯುವಂತಿದ್ದರೆ ದಾರಿಯಲ್ಲೂ ಓಆರ್‌ಎಸ್ ನಿಲ್ಲಿಸಬೇಡಿ.