ದೊಡ್ಡಪ್ಪನ ವಾಲ್ವ್: ದೊಡ್ಡಮ್ಮ ಕೇಳಿದ್ದಕ್ಕೆ

ದೊಡ್ಡಮ್ಮ, ಡ್ಯೂಟಿ ಮುಗಿಸ್ಕೊಂಡು ಈಗ ಮೆಸೇಜ್ ನೋಡ್ದೆ. ಒಬ್ಬ ಡಾಕ್ಟ್ರು ಟಾವಿ ಮಾಡೋಣ, ಅಂದ್ರೆ ತೊಡೆಸಂದಿಯ ರಕ್ತನಾಳದಿಂದ ತೆಳು ನಳಿಕೆ ತೂರಿಸಿ ಹೃದಯಕ್ಕೆ ಹೊಸ ವಾಲ್ವ್ ಕೂರಿಸೋಣ ಅಂದ್ರು, ಇನ್ನೊಬ್ರು ಎದೆ ಪೂರ್ತಿ ಸೀಳದೆ ಸಣ್ಣ ಗಾಯದಲ್ಲೇ ಆಪರೇಷನ್ ಮಾಡ್ತೀವಿ ಅಂದ್ರು, ಯಾವುದ್ರಲ್ಲಿ ಗಾಯ ಕಮ್ಮಿ ಅಂತ ಕೇಳಿದೀರಿ. ಟೈಪ್ ಮಾಡೋಕಾಗಲ್ಲ, ಕೇಳಿಸ್ಕೊಳ್ಳಿ.

ದೊಡ್ಡಪ್ಪನಿಗಿರೋದು ಅಯೋರ್ಟಿಕ್ ಸ್ಟೆನೋಸಿಸ್, ಅಂದ್ರೆ ಹೃದಯದಿಂದ ಮೈಗೆ ರಕ್ತ ಹೋಗೋ ಬಾಗಿಲಿನ ವಾಲ್ವ್ ಕಿರಿದಾಗಿದೆ. ಬಿಸಿನೀರಿನ ಹಂಡೆಗೆ ಸುಣ್ಣ ಕಟ್ಟೋ ಹಾಗೆ ವಾಲ್ವಿನ ಎಸಳಿಗೆ ಕ್ಯಾಲ್ಸಿಯಂ ಕಟ್ಟಿದೆ, ಸರಿಯಾಗಿ ತೆರ್ಕೊಳ್ತಿಲ್ಲ. ಮಾತ್ರೆಗೆ ಕರಗೋದಲ್ಲ ಅದು. ಮೆಟ್ಲು ಹತ್ತಿದ್ರೆ ಉಸಿರು ಕಟ್ಟೋದು, ಮೊನ್ನೆ ಕಣ್ಣು ಕತ್ತಲೆ ಬಂದು ಕೂತ್ಬಿಟ್ಟಿದ್ದು ಅಂದ್ರೆ ಕಾಯೋ ಟೈಮ್ ಮುಗೀತು ಅಂತ. ಮದುವೆ ಕಳೀಲಿ ಆಮೇಲೆ ನೋಡೋಣ ಅನ್ಬೇಡಿ.

ಸಣ್ಣ ಗಾಯದ್ದು ಅಂದ್ರೂ ಅದು ಓಪನ್ ಹಾರ್ಟೇ. ಎದೆಮೂಳೆಯ ಮೇಲ್ಭಾಗ ಮಾತ್ರ ಬಿಡಿಸ್ತಾರೆ, ಇಲ್ಲಾ ಬಲಗಡೆ ಪಕ್ಕೆಲುಬಿನ ಸಂದಿಯಿಂದ ಹೋಗ್ತಾರೆ. ಒಳಗಿನ ಕೆಲಸ ಅದೇ. ಹಾರ್ಟ್ ಲಂಗ್ ಮೆಷಿನ್‌ಗೆ ಹಾಕಿ, ಹೃದಯ ನಿಲ್ಲಿಸಿ, ಹಳೇ ವಾಲ್ವ್ ಕತ್ತರಿಸಿ ತೆಗೆದು ಹೊಸದು ಕೂರಿಸ್ತಾರೆ.

ಟಾವಿಲಿ ಹಳೇದನ್ನ ತೆಗೆಯೋದೇ ಇಲ್ಲ, ಅದನ್ನೇ ಗೋಡೆಗೆ ಒತ್ತಿ ಒಳಗೆ ಹೊಸದು ಕೂರೋದು. ನಮ್ಮ ಕ್ಯಾಥ್ ಲ್ಯಾಬಲ್ಲಿ (ಇಂಥದ್ದನ್ನ ಮಾಡೋ ರೂಮು) ಬಲೂನ್ ಉಬ್ಬಿಸಿ ಕೂರಿಸೋ ವಾಲ್ವ್ ಹಾಕೋವಾಗ, ಅದು ಜಾಗ ಬಿಟ್ಟು ಜಾರದಿರಲಿ ಅಂತ, ಬಡಿತ ಏರಿಸೋ ಪೇಸಿಂಗ್ ತಂತಿಯಿಂದ ಹೃದಯವನ್ನ ನಿಮಿಷಕ್ಕೆ 180ರ ಮೇಲೆ ಓಡಿಸ್ತೀವಿ. ಮಾನಿಟರಲ್ಲಿ ಬಿಪಿ ಗೆರೆ ಧಪ್ ಅಂತ ಕೆಳಗೆ ಬೀಳತ್ತೆ, ಯಾರೂ ಮಾತಾಡಲ್ಲ. ಬಲೂನ್ ಉಬ್ಬಿ ಇಳಿಯೋಕೆ ಕೆಲವೇ ಸೆಕೆಂಡು, ಪೇಸಿಂಗ್ ನಿಂತ ಮೇಲೆ ಗೆರೆ ಏಳತ್ತೆ. ಎಷ್ಟು ನೋಡಿದ್ರೂ ಆ ಸೆಕೆಂಡುಗಳು ನಂಗೆ ಅಭ್ಯಾಸ ಆಗಿಲ್ಲ. ಎಲ್ಲಾ ಸರಿ ಹೋದ್ರೆ ಮಾರನೇ ದಿನಾನೇ ಎಬ್ಬಿಸಿ ನಡೆಸ್ತೀವಿ.

ಆದ್ರೆ ಅದೂ ಪುಕ್ಕಟೆ ಅಲ್ಲ. ಕೆಲವರಿಗೆ ಆಮೇಲೆ ಬಡಿತ ಸರಿಯಾಗಿಡೋ ಪೇಸ್‌ಮೇಕರ್ ಬೇಕಾಗತ್ತೆ, ಅಂಚಲ್ಲಿ ಸ್ವಲ್ಪ ಲೀಕ್ ಉಳಿಯಬಹುದು. ವಾಲ್ವ್ ಒಂದಕ್ಕೇ ಲಕ್ಷಗಟ್ಟಲೆ. ಇನ್ಶೂರೆನ್ಸ್‌ನವರು ಎಷ್ಟು ಕೊಡ್ತಾರೆ ಅಂತ ಮೊದಲೇ ಬರವಣಿಗೆಲಿ ತಗೊಳ್ಳಿ, ಫೋನಲ್ಲಿ ಹೇಳಿದ್ದನ್ನ ನಂಬ್ಬೇಡಿ.

2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೇ ಮೊದಲು ಮಾಡಿದಾಗ ಟಾವಿ ಇದ್ದಿದ್ದು ಆಪರೇಷನ್ ತಡೆಯೋಕಾಗದವರಿಗೆ. ಈಗ ಹಾಗಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಲಿ 2021ರಲ್ಲಿ ಟಾವಿ 75 ದಾಟಿದವರಿಗೆ ಅಂದಿದ್ರು, 2025ರಲ್ಲಿ 70ಕ್ಕೆ ಇಳಿಸಿದ್ರು. ಅಮೆರಿಕದವರು 65ರಿಂದ 80ರವರೆಗೆ ರೋಗಿ ಜೊತೆ ಕೂತು ತೀರ್ಮಾನಿಸಿ ಅಂತಾರೆ. ದೊಡ್ಡಪ್ಪನಿಗೆ 71, ಸರಿಯಾಗಿ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿದಾರೆ.

ಹಾಗಾಗಿ ಗಾಯ ಎಷ್ಟುದ್ದ ಅಂತಲ್ಲ ದೊಡ್ಡಮ್ಮ, ಈ ವಾಲ್ವ್ ಸವೆದ ಮೇಲೆ ಏನು ಮಾಡ್ತೀರಿ ಅಂತ ಕೇಳ್ಬೇಕು. ಈ ವಯಸ್ಸಿಗೆ ಹಾಕೋದು ಹೆಚ್ಚಾಗಿ ಟಿಶ್ಯೂ ವಾಲ್ವು, ಹಸು ಇಲ್ಲಾ ಹಂದಿ ಹೃದಯದ ಪೊರೇದು (ಅಜ್ಜಿಗೆ ಈ ವಾಯ್ಸ್ ಕೇಳಿಸ್ಬೇಡಿ), ಸುಮಾರು ಹತ್ತು ಹದಿನೈದು ವರ್ಷ ಬರತ್ತೆ. ಆಮೇಲೆ ಅದರೊಳಗೇ ಇನ್ನೊಂದು ಕೂರಿಸೋಕೆ ಜಾಗ ಇರತ್ತಾ, ಹೃದಯಕ್ಕೇ ರಕ್ತ ಕೊಡೋ ಕರೋನರಿ ನಾಳಕ್ಕೆ ದಾರಿ ಮುಚ್ಚಲ್ವಾ, ಅದನ್ನ ಸಿಟಿ ಸ್ಕ್ಯಾನ್ ನೋಡಿನೇ ಹೇಳ್ಬೇಕು. ಆ ನಾಳಗಳನ್ನ ನೋಡೋ ಆಂಜಿಯೋಗ್ರಾಂನಲ್ಲಿ ಬೈಪಾಸ್ ಬೇಕಾಗೋ ಅಷ್ಟು ಬ್ಲಾಕ್ ಸಿಕ್ರೆ ಆಪರೇಷನ್ನೇ ವಾಸಿ, ಎರಡೂ ಒಟ್ಟಿಗೆ ಮುಗಿಯತ್ತೆ. ಬ್ಲಾಕ್ ಇಲ್ಲ, ತೊಡೆ ರಕ್ತನಾಳ ಚೆನ್ನಾಗಿದೆ ಅಂದ್ರೆ ಸಕ್ಕರೆ ಕಾಯಿಲೆ ಇರೋ ನಮ್ಮ ದೊಡ್ಡಪ್ಪನಿಗೆ ನಾನು ಟಾವಿ ಕಡೆ. ಆದ್ರೂ ಕಾರ್ಡಿಯಾಲಜಿಸ್ಟು, ಸರ್ಜನ್ನು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ.

ರಘು, ಸಿಟಿಗೆ ಡೈ ಹಾಕ್ತಾರೆ, ಅದಕ್ಕೆ ಮುಂಚೆ ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ ಟೆಸ್ಟ್ ಮಾಡಿಸು. ಎಕೋ ರಿಪೋರ್ಟಿನ ಎರಡೂ ಪುಟ ಕಳ್ಸು, ನೀ ಹಾಕಿರೋ ಫೋಟೋಲಿ ಗ್ರೇಡಿಯಂಟ್ (ವಾಲ್ವಿನ ಆಚೆ ಈಚೆ ಒತ್ತಡದ ವ್ಯತ್ಯಾಸ) ಇರೋ ಸಾಲೇ ಕಟ್ ಆಗಿದೆ. ದೊಡ್ಡಪ್ಪನ ಹುಳುಕು ದವಡೆ ಹಲ್ಲನ್ನ ಈ ವಾರವೇ ಡೆಂಟಿಸ್ಟ್‌ಗೆ ತೋರಿಸು. ಹೊಸ ವಾಲ್ವಿಗೆ ಇನ್ಫೆಕ್ಷನ್ ಬಾಯಿಂದಲೂ ಹತ್ತತ್ತೆ. ಕೀಳೋದಿದ್ರೆ ರಕ್ತ ತೆಳು ಮಾಡೋ ಮಾತ್ರೆ ವಿಷಯ ಕಾರ್ಡಿಯಾಲಜಿಸ್ಟ್ ಹತ್ರ ಕೇಳ್ಕೊಂಡೇ ಕೀಳಿಸಿ, ನೀವೇ ನಿಲ್ಲಿಸ್ಬೇಡಿ.